ಜಾಝ್ ನಡುವೆ ಒಂದು ಸನ್ಮಾನ

ಭಕ್ತಿ ದೇವರ ಮೇಲಿದ್ದರೆ ಊರವರು ಕೈಮುಗಿಯುತ್ತಾರೆ; ಜಾಝ್ ನೃತ್ಯದ ಮೇಲಿದ್ದರೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಆಳಂದದ ನಮ್ಮ ಮಾವನವರು, ಪುಣ್ಯಾತ್ಮರು, ನಾನು ಏನು ಕಲಿಸುತ್ತೇನೆಂದು ಕೇಳುವುದನ್ನೇ ಮರೆತಿದ್ದರು. ಅಫಜಲಪುರದಲ್ಲಿ ನನ್ನದೊಂದು ಡಾನ್ಸ್ ಕ್ಲಾಸಿದೆ. ಅಮೆರಿಕದ ಕಪ್ಪುವರ್ಣೀಯರು ತಮ್ಮ ಕಷ್ಟಗಳ ನಡುವೆಯೇ ಕಟ್ಟಿಕೊಂಡ ಕುಣಿತವಿದು, ಆ ಕ್ಷಣಕ್ಕೆ ಹೊಳೆದ ಹೆಜ್ಜೆಯೇ ಇದರ ಜೀವ ಎಂದು ಅಲ್ಲಿ ಗಂಟೆಗಟ್ಟಲೆ ಕೊರೆಯುತ್ತೇನೆ. ಆ ಹೆಜ್ಜೆ ಯಾವುದು, ಎಷ್ಟನೆಯ ಎಣಿಕೆಗೆ ಹೊಳೆಯಬೇಕು ಎಂಬುದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಡುತ್ತೇನೆ. ಪರಂಪರೆ ಎಂದ ಮೇಲೆ ಶಿಸ್ತು ಬೇಡವೆ?

ಹನ್ನೆರಡು ವರ್ಷ ಮದುವೆ ಮೆರವಣಿಗೆಗಳಿಗೆ ಹೆಜ್ಜೆ ಹೇಳಿಕೊಟ್ಟು ಸಾಕಾಗಿತ್ತು. ಸಾಯುವುದರೊಳಗೆ ಒಮ್ಮೆಯಾದರೂ ಅಪ್ಪಟ ಜಾಝನ್ನು ವೇದಿಕೆಗೆ ತರಬೇಕೆಂಬ ಆಸೆ ನನ್ನದು. ಈ ವರ್ಷ ಜೇವರ್ಗಿಯ ಕಾಲೇಜೊಂದರ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ಆರು ನಿಮಿಷ ಸಿಕ್ಕಿತು. ಮುಂದಿನ ಸಾಲಿಗೆ ಬಿ.ಎ. ಓದುವ ಶಬಾನಾಳನ್ನು ನಿಲ್ಲಿಸಿದೆ. ಎರಡು ನಿಮಿಷ ಎಲ್ಲವೂ ನೋಟ್‌ಬುಕ್ಕಿನಂತೆಯೇ ನಡೆಯಿತು. ನನ್ನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮೈಕು ಕೂಗಿತು: "ಹಾಡು ಬಂದ್ ಮಾಡ್ರಿ! ಸಾವ್ಕಾರ್ರು ಬಂದಾರ!"

ಅಂದಿನ ಮುಖ್ಯ ಅತಿಥಿ ಅವರೇ. ನಮ್ಮ ಕಡೆ ಅತಿಥಿ ಎಷ್ಟೇ ತಡವಾಗಿ ಬರಲಿ, ಬಂದ ಕೂಡಲೇ ಶಾಲು ಹೊದಿಸಿ ಹಾರ ಹಾಕಲೇಬೇಕು. ಹಾಡು ನಿಂತಿತು; ಕುಣಿಯುತ್ತಿದ್ದ ಹುಡುಗಿಯರ ನಟ್ಟನಡುವೆ ಸಾವ್ಕಾರರು ಬಂದು ನಿಂತರು. ಹನ್ನೆರಡು ವರ್ಷದ ಆಸೆ ಮಣ್ಣುಪಾಲಾಯಿತೆಂದು ನಾನು ಪರದೆಯ ಹಿಂದೆ ತಲೆಯ ಮೇಲೆ ಕೈಹೊತ್ತೆ. ಶಬಾನಾ ಮಾತ್ರ ನಿಲ್ಲಲಿಲ್ಲ. ಚಪ್ಪಾಳೆಯಲ್ಲೇ ತಾಳ ಹಿಡಿದಳು, ಉಳಿದವರೂ ಹಿಡಿದರು. ಕಾರ್ಯದರ್ಶಿಯ ಕೈಯಿಂದ ಶಾಲು ತೆಗೆದುಕೊಂಡು, ಒಂದು ಸುತ್ತು ತಿರುಗಿ, ತಾಳ ತಪ್ಪದಂತೆ ಸಾವ್ಕಾರರಿಗೆ ಹೊದಿಸಿದಳು. ಅವರೂ ಭುಜ ಕುಣಿಸಿದರು. ಜನ "ವನ್ಸ್ ಮೋರ್!" ಎಂದು ಎದ್ದು ನಿಂತರು.

ನಾನು ಪರದೆ ಸರಿಸಿ ಪಿಸುಗುಟ್ಟಿದೆ: "ನೋಟ್‌ಬುಕ್ಕಿನ್ಯಾಗ ಇಲ್ದ ಹೆಜ್ಜಿ ಯಾಕ ಹಾಕಾಕತ್ತೀ ಬೇ?"

"ಹೊಳದಿದ್ದು ಹಾಕ್ರಿ ಅಂತ ನೀವೇ ಹೇಳೀರಲ್ರಿ ಸರ್! ಬರ್ರಿ, ನೀವೂ ಒಂದು ಹಾಕ್ರಿ," ಎಂದು ಎಲ್ಲರೆದುರು ಕರೆದೇಬಿಟ್ಟಳು.

ಹೋದೆ. ಚಪ್ಪಾಳೆಯ ತಾಳ ಜೋರಾಯಿತು. ಹೆಜ್ಜೆ ಹೊಳೆಯಲಿಲ್ಲ. ಐದು, ಆರು, ಏಳು, ಎಂಟು ಎಂದು ಎಣಿಸುತ್ತ ಒಂದು ಕೈ ಮೇಲೆತ್ತಿ ಕಂಬದಂತೆ ನಿಂತೆ. ಇದೇ ಜಾಝಿನ ಮೂಲ ಭಂಗಿ ಇರಬೇಕೆಂದುಕೊಂಡು ಸಾವ್ಕಾರರು ತಮ್ಮ ಶಾಲನ್ನೇ ತೆಗೆದು ನನಗೆ ಹೊದಿಸಿದರು. ನಾನು ಬಾಗಿ ಕೈಮುಗಿದೆ. ಅಂದು ನನಗೆ ಸ್ವಂತವಾಗಿ ಹೊಳೆದದ್ದು ಅದೊಂದೇ.