ತಾಳ ತಪ್ಪಿದ ಲಾರಿ ಡ್ರೈವರ್

ಎಲ್ಲಕ್ಕೂ ಮೂಲ ಲಾರಿ ಡ್ರೈವರನ ಬೆವರು. ಹರ್ನಿಯಾ ಆಪರೇಷನ್ ಮುಗಿದು ಅರಿವಳಿಕೆಯಿಂದ ಏಳುತ್ತಿದ್ದ ಆ ಭಾರಿ ಆಸಾಮಿ ನಡುಗಿ, ಬೆವರಿ, ಎದೆಗೆ ಅಂಟಿಸಿದ್ದ ಇಸಿಜಿ ಪಟ್ಟಿಗಳನ್ನೆಲ್ಲ ಉದುರಿಸಿಕೊಂಡ. ಇನ್ನುಳಿದದ್ದು ಬೆರಳಿನ ಕ್ಲಿಪ್ಪು ಮಾನಿಟರಿನ ಪರದೆಯಲ್ಲಿ ತೋರಿಸುವ ನಾಡಿಯ ಗೆರೆಯೊಂದೇ. ನಡುಕಕ್ಕೆ ಅದೂ ಮಾಯವಾದಾಗ, ಡ್ಯೂಟಿಯಲ್ಲಿದ್ದ ಗಂಡು ನರ್ಸು, ಎಲ್ಲರ ಬಾಯಲ್ಲಿ ಬ್ರದರ್, ಕಂಬಳಿಯೊಳಗೆ ಕೈ ಹಾಕಿ ಏನೋ ಸರಿಮಾಡಿದ. ಗೆರೆ ಬಂತು ನಿಜ, ಆದರೆ ಎರಡು ಹೆಜ್ಜೆಗೊಮ್ಮೆ ಎಡವುತ್ತ ಬಂತು.

ಬ್ರದರ್‌ಗೆ ಜೀವ ಹೋದಂತಾಯಿತು. ಸಂಜೆ ಐದಕ್ಕೆ ಮಗಳ ಮೊದಲ ನಾಟಕ. ಬಂದೇ ಬರುತ್ತೇನೆಂದು ಮಾತು ಕೊಟ್ಟಿದ್ದ. ಎದೆಬಡಿತ ನೆಟ್ಟಗಾಗದೆ ರೋಗಿ ವಾರ್ಡಿಗೆ ಹೋಗುವಂತಿಲ್ಲ, ರೋಗಿ ಹೋಗದೆ ಇವನು ಮನೆಗೆ ಹೋಗುವಂತಿಲ್ಲ.

ಸುತ್ತಲಿನವರು ತಲೆಗೊಂದು ಮಾತು ಹೇಳಿದರು. ದೊಡ್ಡ ಸಿಸ್ಟರ್ ನೋವೆಂದರು, ಇಂಜೆಕ್ಷನ್ ಆಯಿತು. ಚಿಕ್ಕ ಸಿಸ್ಟರ್ ಚಳಿಯೆಂದಳು, ಇನ್ನೊಂದು ಕಂಬಳಿ ಬಂತು. ಆಯಾ ಮೂತ್ರ ಕಟ್ಟಿದೆಯೆಂದಳು, ಅದಕ್ಕೂ ದಾರಿಯಾಯಿತು. ಡ್ರೈವರ್ ಮಾತ್ರ ಬ್ರದರನ ಕೈಯನ್ನು ಕಂಬಳಿಯೊಳಗೇ ಗೇರು ಹಿಡಿದಂತೆ ಹಿಡಿದುಕೊಂಡು ಸುಖವಾಗಿ ಗೊರಕೆ ಹೊಡೆಯುತ್ತಿದ್ದ. ಬ್ರದರನ ಜೇಬಿನಲ್ಲಿ ಹೆಂಡತಿಯ ಫೋನು ಗುಂಯ್ ಎಂದಾಗಲೆಲ್ಲ ಪರದೆಯ ಗೆರೆ ಕಪ್ಪೆಯಂತೆ ಹಾರುತ್ತಿತ್ತು. ಈ ಫೋನಿಗೇ ರೋಗಿ ಬೆಚ್ಚುತ್ತಿದ್ದಾನೆಂದು ದೊಡ್ಡ ಸಿಸ್ಟರ್ ತೀರ್ಪು ಕೊಟ್ಟರು.

ಕೊನೆಗೆ ಅರಿವಳಿಕೆ ಡಾಕ್ಟರನ್ನೇ ಕರೆಸಿದರು. ಅವರು ಹಳೇ ಕಾಲದವರು. ಪರದೆಯನ್ನು ಬಿಟ್ಟು ಡ್ರೈವರನ ಇನ್ನೊಂದು ಕೈ ಹಿಡಿದು ನಾಡಿ ನೋಡಿದರು. ಈ ಕೆಲಸ ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ.

"ಇವನ ನಾಡಿ ಗಡಿಯಾರದ ಥರ ಇದೆಯಲ್ರೀ," ಎಂದವರೇ ಪರದೆಯ ವೈರು ಹಿಡಿದು ಕಂಬಳಿಯೊಳಗೆ ಹೊಕ್ಕರು. ಕ್ಲಿಪ್ಪು ಇದ್ದದ್ದು ಬ್ರದರನ ಬೆರಳಲ್ಲಿ. ಕೆಟ್ಟಿದೆಯೋ ಏನೋ ಎಂದು ತನ್ನ ಬೆರಳಿಗೆ ಹಾಕಿ ನೋಡುವಷ್ಟರಲ್ಲಿ ಹೆಂಡತಿಯ ಮೊದಲ ಫೋನು ಬಂದು, ತೆಗೆಯುವುದೇ ಮರೆತಿತ್ತು.

ಬ್ರದರ್‌ಗೆ ನಾಚಿಕೆಗಿಂತ ಖುಷಿಯೇ ಹೆಚ್ಚಾಯಿತು. "ಹಾಗಾದ್ರೆ ಹೊರಡ್ಬಹುದಾ ಸಾರ್?"

"ಡ್ರೈವರ್ ಹೊರಡ್ಲಿ. ನೀವು ಮಲಗಿ."

ಅದೇ ಹಾಸಿಗೆ, ಹೊಸ ಪಟ್ಟಿಗಳು. ಎಡವುತ್ತಿದ್ದ ಬಡಿತ ಬ್ರದರನದೇ ಎಂದು ಇಸಿಜಿಯೂ ಹೇಳಿತು. ರಾತ್ರಿಯೆಲ್ಲ ಇಲ್ಲೇ ಇರಬೇಕೆಂದು ಡಾಕ್ಟರು ಬರೆದರು. ಬ್ರದರ್‌ಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ಅಪ್ಪ ಬಂದನೇ ಎಂದು ಬಾಗಿಲ ಕಡೆ ನೋಡುತ್ತ ವೇದಿಕೆ ಹತ್ತುವ ಮಗಳನ್ನು ನೆನೆದು ಸಂಕಟವಾಯಿತು. ಮೆಲ್ಲಗೆ ಹೆಂಡತಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೇ ಹೇಳಿದ.

ಆಕೆ ಪೂರ್ತಿ ಕೇಳಿಸಿಕೊಂಡಳು. "ಹೋದ್ಸಲ ಪೇಷಂಟಿಗೆ ಬಿಪಿ, ಅದಕ್ಕೂ ಮುಂಚೆ ಪೇಷಂಟಿಗೆ ಜ್ವರ. ನೆಪ ಹೇಳೋಕೆ ಪೇಷಂಟುಗಳೂ ಮುಗಿದುಹೋದ್ರಾ?" ಎಂದು ಫೋನಿಟ್ಟಳು.