ನೀಲಿಯ ಮನೆಗೆ ಬಂದ ಹಳದಿ

"ಬೇರೆ ಬೇರೆ ಜಾತಿಯ ಏಂಜೆಲ್ ಮೀನುಗಳನ್ನ ಒಂದೇ ತೊಟ್ಟಿಗೆ ಬಿಟ್ರೆ ಕಷ್ಟ ಅಮ್ಮ" ಎಂದು ಮೀನಂಗಡಿಯವರು ಎಚ್ಚರಿಸಿದಾಗ ನಾನು ನಕ್ಕುಬಿಟ್ಟೆ. ಮೂವರು ಓರಗಿತ್ತಿಯರನ್ನು ಒಂದೇ ಸೋಫಾದಲ್ಲಿ ಕೂರಿಸಿ ರಾಜಿ ಮಾಡಿಸಿದವಳು ನಾನು. ಹೆಸರಲ್ಲೇ ದೇವದೂತರಿರುವ ಮೀನುಗಳು ನನ್ನ ಮಾತು ಮೀರುತ್ತವೆಯೇ?

ನಮ್ಮ ಹಜಾರದ ಉಪ್ಪುನೀರಿನ ತೊಟ್ಟಿಯಲ್ಲಿ ಎರಡು ವರ್ಷದಿಂದ ಒಂದು ನೀಲಿ ಏಂಜೆಲ್‌ನದೇ ರಾಜ್ಯಭಾರ. ಕಳೆದ ತಿಂಗಳು ನಮ್ಮೊಡನೆ ಇರಲು ಬಂದ ಅತ್ತೆ, ಅದಕ್ಕೊಂದು ಜೊತೆಯಿರಲೆಂದು ಹಳದಿ ಏಂಜೆಲನ್ನು ಆಸೆಪಟ್ಟು ಆರಿಸಿದ್ದರು.

ನೀರಿಗೆ ಬಿಟ್ಟ ಗಳಿಗೆಯಿಂದ ಹಳದಿಯ ಗ್ರಹಚಾರ ಶುರುವಾಯಿತು. ಕಲ್ಲಿನ ಹಿಂದೆ ಅಡಗಿದರೆ ನೀಲಿ ಓಡಿಸುತ್ತಿತ್ತು, ಊಟಕ್ಕೆ ಬಂದರೆ ಬಾಲ ಕಚ್ಚುತ್ತಿತ್ತು. ನಾಲ್ಕನೇ ದಿನ ಹಳದಿ ಊಟ ಬಿಟ್ಟು ಪೈಪಿನ ಮರೆಯಲ್ಲಿ ನಿಂತುಬಿಟ್ಟಿತು.

"ವಾಪಸ್ ಕೊಟ್ಟುಬಿಡಮ್ಮ, ಸತ್ತುಹೋಗುತ್ತೆ ಪಾಪ," ಅಂದರು ಅತ್ತೆ. "ಹೊಂದಿಕೆ ಆಗದ ಕಡೆ ಯಾಕಿರಬೇಕು? ನಾನೂ ಭಾನುವಾರ ಮಗಳ ಮನೆಗೆ ಹೊರಡೋಣ ಅಂತಿದ್ದೀನಿ."

"ಮೀನು ಜಗಳ ಆಡಿದ್ರೆ ನೀವ್ಯಾಕೆ ಹೊರಡ್ತೀರಿ ಅತ್ತೆ? ಅಯ್ಯೋ, ಆ ಟೀಪುಡಿ ಡಬ್ಬ ಅಲ್ಲಿಡಬೇಡಿ, ಅದರ ಜಾಗ ಇಲ್ಲಿ."

ಅಂದು ಪ್ರಾರ್ಥನೆಯಲ್ಲಿ, "ದೇವರೇ, ಈ ಮನೆಯ ಜಗಳಗಂಟಿಗೆ ಒಳ್ಳೆಯ ಬುದ್ಧಿ ಕೊಡು" ಎಂದು ಬೇಡಿಕೊಂಡೆ. ಯಜಮಾನರನ್ನು ಕರೆದುಕೊಂಡು ಮತ್ತೆ ಅಂಗಡಿಗೆ ಹೋದೆ.

"ನೀಲಿ ಕೆಟ್ಟದ್ದಲ್ಲಮ್ಮ," ಅಂದರು ಅಂಗಡಿಯವರು. "ಪ್ರತಿ ಮೂಲೆನೂ ತನ್ನದು ಅಂದ್ಕೊಂಡಿದೆ, ಅಷ್ಟೇ. ಅದನ್ನ ಸ್ವಲ್ಪ ಹೊತ್ತು ತೊಟ್ಟಿ ನೀರು ತುಂಬಿದ ಬಕೆಟ್‌ನಲ್ಲಿಟ್ಟು, ಕಲ್ಲುಗಳನ್ನೆಲ್ಲ ಅದಲುಬದಲು ಮಾಡಿ. ಎರಡಕ್ಕೂ ಮನೆ ಹೊಸದಾಗಬೇಕು."

ಯಜಮಾನರು ಎಂದೂ ಇಲ್ಲದ ಶ್ರದ್ಧೆಯಿಂದ ತಲೆಯಾಡಿಸಿದರು.

ಶನಿವಾರವೆಲ್ಲ ಮೊಣಕೈವರೆಗೆ ಕೈ ಅದ್ದಿಕೊಂಡು ಕಲ್ಲು ಹೊತ್ತೆ. ತಿರುಗಿ ಬಿಟ್ಟಾಗ ನೀಲಿ ವಿಳಾಸ ಮರೆತ ನೆಂಟನಂತೆ ಸುತ್ತಾಡಿತು. ಸಂಜೆಗೆ ಹಳದಿ ಎರಡು ತುತ್ತು ತಿಂದಿತು. ಹೆಮ್ಮೆಯಿಂದ ನನ್ನ ತಲೆ ಸೂರಿಗೆ ತಾಗಿತು.

ಭಾನುವಾರ ಬೆಳಗ್ಗೆ ಅಡುಗೆಮನೆಗೆ ಹೋದರೆ ಸಕ್ಕರೆ ಡಬ್ಬದ ಜಾಗದಲ್ಲಿ ಕುಕ್ಕರ್ ಕೂತಿದೆ. ಚಮಚಗಳಿಲ್ಲ. ಟೀಪುಡಿಯ ಸುಳಿವೇ ಇಲ್ಲ.

"ರೀ, ಯಾರು ಮಾಡಿದ್ದು ಇದನ್ನ?"

"ನಾನೇ," ಅಂದರು ಯಜಮಾನರು, ಬಾಗಿಲಿಗೆ ಒರಗಿಕೊಂಡು. "ಅಂಗಡಿಯವರು ಹೇಳಿದ್ದು ಕೇಳಿಸಿಕೊಂಡ್ಯಲ್ಲ. ನೀನು ಕೆಟ್ಟವಳಲ್ಲ ಕಣೇ..."

ಕುಕ್ಕರ್ ಎತ್ತಲು ಚಾಚಿದ್ದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ. ಆಗಲೇ ಅತ್ತೆ ಬ್ಯಾಗು ಹಿಡಿದು ಬಂದರು.

"ಹೊರಡೋ ಮುಂಚೆ ಒಂದು ಲೋಟ ಟೀ ಸಿಗುತ್ತೇನಮ್ಮ?"

"ಟೀಪುಡಿ ಎಲ್ಲಿದೆಯೋ ನನಗೂ ಗೊತ್ತಿಲ್ಲ ಅತ್ತೆ. ನೀವೂ ಸ್ವಲ್ಪ ಹುಡುಕ್ತೀರಾ?"

ಅವರು ಬ್ಯಾಗು ಕೆಳಗಿಟ್ಟು ಮೇಲಿನ ಕಪಾಟು ತೆರೆದರು. ನಾನು ಕೆಳಗಿನದಕ್ಕೆ ತಲೆ ತೂರಿಸಿದೆ. ಸಿಕ್ಕಿದ್ದು ಅವರಿಗೇ.

"ಇದನ್ನ ಇನ್ನು ಎಲ್ಲಿಡ್ಲಿ?"

"ನಿಮಗೆ ಎಲ್ಲಿ ಸರಿ ಅನ್ನಿಸುತ್ತೋ ಅಲ್ಲಿ."

ಅತ್ತೆಯ ಬ್ಯಾಗು ಮಧ್ಯಾಹ್ನ ಮತ್ತೆ ಕೋಣೆ ಸೇರಿತು. ಪ್ರಾರ್ಥನೆಯಲ್ಲಿ ಜಗಳಗಂಟಿಯ ಹೆಸರು ಹೇಳುವುದನ್ನು ನಾನು ಮರೆತಿದ್ದೆ. ದೇವರಿಗೆ ಮಾತ್ರ ಯಾವ ಅನುಮಾನವೂ ಬಂದಂತಿರಲಿಲ್ಲ.