ಬೆನ್ನಿಗಂಟಿದ ಕಿತ್ತಳೆ

ಹೆಂಡತಿ ಏನು ಹೇಳಿದರೂ ಮೃತ್ಯುಂಜಯನದು ಒಂದೇ ಉತ್ತರ: ಹೂಂ. ಆ ಭಾನುವಾರ ಬೆಳಿಗ್ಗೆ ಕಾಫಿ ಕೊಡುತ್ತ, ಸ್ಕೂಲ್ ಟೀಚರಾಗಿದ್ದ ಹೆಂಡತಿ ಸರ್ವಮಂಗಳಾ ಏನೋ ಹೇಳಿದಳು. ಮನಸ್ಸಿನಲ್ಲೇ ಸುಳ್ಳೊಂದನ್ನು ಹದ ಮಾಡುತ್ತಿದ್ದ ಅವನು ಹೂಂ ಎಂದ. ಆಮೇಲೆ ಕಡಕೊಳದ ಫ್ಯಾಕ್ಟರಿಯಲ್ಲಿ ಡ್ಯೂಟಿ ಇದೆಯೆಂದು ಹೇಳಿ ಸ್ಕೂಟರ್ ಹತ್ತಿದ.

ಡ್ಯೂಟಿ ಇರಲಿಲ್ಲ. ಮಾವ ವೃಷಭೇಂದ್ರಪ್ಪನವರು ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಸುತ್ತಿದ್ದರು. ಭಾನುವಾರ ಬಂತೆಂದರೆ ಹೊಸ ಗೋಡೆಗಳಿಗೆ ನೀರು ಹೊಡೆಯುವ ಕೆಲಸ ಅಳಿಯನದು. ಅದನ್ನು ತಪ್ಪಿಸಿಕೊಂಡು ಅವನು ಸಹೋದ್ಯೋಗಿಗಳ ಜೊತೆ ನಂಜನಗೂಡು ರಸ್ತೆಯ ರೆಸಾರ್ಟಿನಲ್ಲಿ, ಬಣ್ಣದ ಗುಂಡು ಹೊಡೆದಾಡುವ ಪೇಂಟ್‌ಬಾಲ್ ಆಡಲು ಹೋಗಿದ್ದ.

ಅಲ್ಲಿ ಕೊಟ್ಟ ಮೇಲಂಗಿಯ ಗುಂಡಿ ಅವನ ಹೊಟ್ಟೆ ನೋಡಿ ಹಿಂದೆ ಸರಿಯಿತು. ಹಾಗಾಗಿ, ಮಾವ ದೀಪಾವಳಿಗೆ ಕೊಟ್ಟ ಬಿಳಿ ಅಂಗಿಯಲ್ಲೇ, ಮುಖವಾಡ ತೊಟ್ಟು ಯುದ್ಧಕ್ಕಿಳಿದ. ಎದುರಿಗೆ ಮತ್ಯಾವುದೋ ಗುಂಪು. ಅದರಲ್ಲಿದ್ದ ಮುಖವಾಡವೊಂದು ಅವನೊಬ್ಬನನ್ನೇ ಅಟ್ಟಿಸಿಕೊಂಡು ಬಂದು ಬೆನ್ನ ತುಂಬ ಕಿತ್ತಳೆ ಬಣ್ಣದ ಗುಂಡು ಹೊಡೆಯಿತು. ಆಟ ಮುಗಿದ ಮೇಲೆ ಯಾರೋ ಏನೋ ಸೂಚನೆ ಕೊಡುತ್ತಿದ್ದರು. ಹೂಂ ಎನ್ನುತ್ತಲೇ ಅವನು ಮನೆಗೆ ಓಡಿದ.

ಕುವೆಂಪುನಗರದ ಮನೆಗೆ ಬೀಗ. ಹೆಂಡತಿ ದಟ್ಟಗಳ್ಳಿಗೆ ಹೋಗಿರಬೇಕು. ಅವಳು ಬರುವುದರೊಳಗೆ ಅಂಗಿ ಬೆಳ್ಳಗಾಗದಿದ್ದರೆ ಸುಳ್ಳು ಬಯಲಾಗುತ್ತದೆ, ಇನ್ನುಳಿದ ಭಾನುವಾರಗಳೆಲ್ಲ ಗೋಡೆಗೇ. ಸ್ಕೂಟರಿನ ಸೀಟಿಗೂ ಬಣ್ಣ ಇಳಿದಿತ್ತು. ಎರಡನ್ನೂ ಹಿತ್ತಲಿಗೆ ತಂದ.

ಪಕ್ಕದ ಮನೆಯ ಇಂದ್ರಮ್ಮ ಕಾಂಪೌಂಡಿನ ಮೇಲೆ ಮುಖ ಇಟ್ಟರು. ಫ್ಯಾಕ್ಟರಿಯಲ್ಲಿ ಪೇಂಟಿನ ಡಬ್ಬ ಉರುಳಿತು ಎಂದ. ಬೆನ್ನ ಮೇಲಾ ಎಂದು ಅವರು ಕೇಳಿದರು. ಹೂಂ ಎಂದ.

“ನೀರು ಮುಟ್ಟಿಸ್ಬೇಡಿ, ಕೂತ್ಬುಡುತ್ತೆ. ಅರಿಶಿನ ಹಚ್ಚಿ ಬಿಸಿಲಿಗೆ ಹಾಕಿ. ಬಿಸಿಲಿಗೆ ಅರಿಶಿನ ಹಾರೋಗುತ್ತಲ್ಲ, ಹೋಗ್ತಾ ಇದನ್ನೂ ಕರ್ಕೊಂಡು ಹೋಗುತ್ತೆ.”

ಅರಿಶಿನ ಎಲ್ಲಿಗೂ ಹೋಗಲಿಲ್ಲ. ಗಾಬರಿಯಲ್ಲಿ ಒದ್ದೆ ಸೋಪು ತಿಕ್ಕಿದ. ಅಂಗಿ ಆರತಿ ತಟ್ಟೆಯ ನೀರಿನಂತೆ ಕೆಂಪಾಯಿತು.

ಅಷ್ಟರಲ್ಲಿ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಚೆಲುವಯ್ಯನವರು ಮಹಡಿಯಿಂದ ಸೀಮೆಎಣ್ಣೆ ಕ್ಯಾನು ಹಿಡಿದು ಇಳಿದರು. “ಫ್ಯಾಕ್ಟರಿ ಪೇಂಟು ಅಂತೀಯ, ಅರಿಶಿನ ಹಚ್ತೀಯಲ್ಲಪ್ಪ,” ಎನ್ನುತ್ತ ಧಾರಾಳವಾಗಿ ಸುರಿದರು. ಕಿತ್ತಳೆ, ಹಳದಿ, ಕೆಂಪು ಮೂರೂ ರಾಜಿಯಾಗಿ ಕಾಲರಿನವರೆಗೆ ಹಬ್ಬಿದವು. ಇಂದ್ರಮ್ಮ ಮೊಸರು ತರಲು ಒಳಗೆ ಹೋದರು.

ಗೇಟಿನ ಸದ್ದಾಯಿತು. ಸರ್ವಮಂಗಳಾ ಹಿತ್ತಲಿಗೇ ಬಂದು ನಿಂತಳು. ಮೃತ್ಯುಂಜಯ ಅಂಗಿಯನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡ. ಸೀಮೆಎಣ್ಣೆ ಅವನ ಹಿಮ್ಮಡಿಯ ಮೇಲೆ ತೊಟ್ಟಿಕ್ಕುತ್ತಿತ್ತು.

ಅವಳು ಒಂದು ಚೊಂಬು ತಣ್ಣೀರನ್ನು ಸ್ಕೂಟರಿನ ಸೀಟಿನ ಮೇಲೆ ಸುರಿದಳು. ಬಣ್ಣ ಏನೂ ಆಗದವರಂತೆ ಜಾರಿಕೊಂಡು ಹೋಯಿತು.

“ಬರೀ ತಣ್ಣೀರಲ್ಲಿ ಹೋಗುತ್ತೆ ಅಂತ ಅಲ್ಲಿಯವರು ಅಷ್ಟು ಕೂಗಿ ಹೇಳಿದ್ರಲ್ಲ. ಅದಕ್ಕೂ ಹೂಂ ಅಂದ್ರಾ?”

ಮೃತ್ಯುಂಜಯ ಬಚ್ಚಿಟ್ಟ ಅಂಗಿಯನ್ನು ಮೆಲ್ಲಗೆ ಮುಂದಕ್ಕೆ ತಂದ.

“ನಮ್ಮ ಸ್ಕೂಲಿನವರೆಲ್ಲ ರೆಸಾರ್ಟಿಗೆ ಹೋಗ್ತಿದ್ದೀವಿ, ನೀವೂ ಇವತ್ತು ದಟ್ಟಗಳ್ಳಿಗೆ ಹೋಗ್ಬೇಡಿ, ಮನೇಲಿ ಆರಾಮಾಗಿರಿ ಅಂತ ಬೆಳಿಗ್ಗೆ ಹೇಳ್ಲಿಲ್ವೇನ್ರೀ? ಅಪ್ಪ ಕೊಟ್ಟ ಅಂಗಿ ನಂಗೆ ಗುರುತು ಸಿಗಲ್ವಾ? ಇದ್ದ ಗುಂಡೆಲ್ಲ ನಿಮಗೇ ಖಾಲಿ ಮಾಡ್ದೆ.”

ಮೊಸರಿನ ಬಟ್ಟಲು ಹಿಡಿದು ಬಂದ ಇಂದ್ರಮ್ಮ ಹಾಗೇ ಹಿಂದಿರುಗಿದರು. ಸರ್ವಮಂಗಳಾ ಬಕೆಟ್ಟನ್ನು ಗಂಡನ ಕೈಗೆ ಕೊಟ್ಟಳು.

“ನಡೀರಿ. ಇನ್ನೂ ಬೆಳಕಿದೆ. ಅಪ್ಪನ ಗೋಡೆ ಒಣಗ್ತಾ ಇದೆ.”

“ಹೂಂ,” ಎಂದ ಮೃತ್ಯುಂಜಯ. ಈ ಸಲ ಪೂರ್ತಿ ಕೇಳಿಸಿಕೊಂಡಿದ್ದ.